ಮುತ್ತಜ್ಜನ ತಂದೆ ಯಾರು? ಉತಾರ, ಡೈರಿ, ಹೆಳವರ ಪುಸ್ತಕ ಹಿಡಿದು ಹುಡುಕುವ ದಾರಿ

ವಂಶಾವಳಿ ಬರೆಯಲು ಕೂತವರು ಬಹಳ ಸಲ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಜ್ಜ ಗೊತ್ತು. ಮುತ್ತಜ್ಜನ ಹೆಸರೂ ಗೊತ್ತು. ಅವನ ತಂದೆ ಯಾರು ಎಂದು ಕೇಳಿದರೆ ಮಾತ್ರ ಒಂದೇ ಮನೆಯಲ್ಲಿ ಎರಡು ಉತ್ತರ ಬರುತ್ತವೆ.

ನಮ್ಮ ಮನೆಯಲ್ಲೂ ಹೀಗೇ ಇತ್ತು. ನಾನು ಬಾಗಲಕೋಟೆ ತಾಲೂಕಿನವಳು. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾಗಿ ಈಗ ನವನಗರದಲ್ಲಿದ್ದೇನೆ. ಮುತ್ತಜ್ಜನನ್ನು ಇಲ್ಲಿ ಸಂಗಪ್ಪ ಅನ್ನೋಣ. ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಅವನು "ಸಂಗಪ್ಪ ತಂದೆ ಮಲ್ಲಪ್ಪ". ನಮ್ಮ ದೊಡ್ಡಪ್ಪನೂ ಅದನ್ನೇ ಹೇಳುತ್ತಿದ್ದರು. ಆದರೆ ನಮ್ಮ ಸೋದರತ್ತೆ ಮಾತ್ರ, "ಮುತ್ತ್ಯಾ ಈ ಮನಿಯಾಂವ ಅಲ್ಲವ್ವಾ, ಬರದಾಗ ಬಂದ ಕೂಸದು, ಬಾದಾಮಿ ಕಡೇದು" ಅನ್ನುತ್ತಿದ್ದಳು. ಇಬ್ಬರೂ ಸುಳ್ಳು ಹೇಳುವವರಲ್ಲ.

ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಹಳೆ ಕಂದಾಯ ದಾಖಲೆಯಲ್ಲಿ "ತಂದೆ" ಎಂದು ಬರೆದಿದ್ದರೆ, ಯಾರ ಹಕ್ಕಿನಿಂದ ಜಮೀನು ಬಂತೋ ಅವನ ಹೆಸರು ಅದು. ಹೆತ್ತವನೂ ಅವನೇ ಆಗಿರಬಹುದು, ಆಗದೆಯೂ ಇರಬಹುದು. ಆದ್ದರಿಂದ ಒಂದು ಹೆಸರು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಆ ಹೆಸರನ್ನು ಯಾಕೆ ಬರೆದರು, ಅದಕ್ಕೂ ಮೊದಲು ಅಲ್ಲಿ ಯಾರ ಹೆಸರಿತ್ತು ಎಂದು ನೋಡಿ.

ಮೊದಲು ಮನೆಯ ಹಿರಿಯರು

ಕಚೇರಿಗೆ ಹೋಗುವ ಮೊದಲು ಮನೆಯ ವಯಸ್ಸಾದ ಹೆಣ್ಣುಮಕ್ಕಳ ಹತ್ತಿರ ಕೂತುಕೊಳ್ಳಿ. ಈ ಮನೆಯಲ್ಲಿ ಹುಟ್ಟಿ ಬೇರೆ ಊರಿಗೆ ಮದುವೆಯಾಗಿ ಹೋದವರನ್ನು ಮುಖ್ಯವಾಗಿ ಹುಡುಕಿ. ಅವರಿಗೆ ಆಸ್ತಿಯ ಹಂಗು ಕಡಿಮೆ, ನೆನಪು ಜಾಸ್ತಿ. ನೇರವಾಗಿ "ಅವನ ಅಪ್ಪ ಯಾರು?" ಎಂದು ಕೇಳಿದರೆ ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಹೇಳುತ್ತಾರೆ. ಬೇರೆ ರೀತಿ ಕೇಳಬೇಕು. ಮುತ್ತ್ಯಾನ ಗದ್ದುಗೆ ಯಾರ ಹೊಲದಲ್ಲಿದೆ, ಪಕ್ಕದ ಗದ್ದುಗೆ ಯಾರದು? ಯಾವ ಊರಿನ ಜಾತ್ರೆಗೆ ಬಂಡಿ ಕಟ್ಟುತ್ತಿದ್ದರು? ಯಾವ ಊರಿನವರು ಬಂದರೆ ಒಳಗೆ ಕರೆದು ಉಣ್ಣಲು ಬಡಿಸುತ್ತಿದ್ದರು?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿದೆ: ಯಾವ ಮನೆಯವರ ಜೊತೆ ಹೆಣ್ಣು ಕೊಟ್ಟು ತರುವುದಿಲ್ಲ? ದತ್ತಕ ಹೋದವನ ಅಡ್ಡಹೆಸರು ಬದಲಾಗುತ್ತದೆ, ಬೆಡಗೂ (ಗೋತ್ರದ ಹಾಗೆ ಮನೆತನದ ಮೂಲ ಹೇಳುವ ಹೆಸರು) ಬದಲಾಗುತ್ತದೆ. ಆದರೆ ಹುಟ್ಟಿದ ಮನೆಯವರ ಜೊತೆ ಮದುವೆ ಸಂಬಂಧ ಬೆಳೆಸಬಾರದು ಎಂಬ ಕಟ್ಟು ಮಾತ್ರ ಉಳಿಯುತ್ತದೆ. ನಮ್ಮ ಅತ್ತೆ ಬಾದಾಮಿ ತಾಲೂಕಿನ ಒಂದು ಊರಿನ ಒಂದು ಮನೆತನದ ಹೆಸರು ಹೇಳಿ, "ಅವರು ನಮಗ ಅಣ್ಣತಮ್ಮರಾಗಬೇಕು, ಅಲ್ಲಿ ಬೀಗತನ ಇಲ್ಲ" ಅಂದಳು. ಅವರ ಬೆಡಗು ಬೇರೆ, ನಮ್ಮದು ಬೇರೆ. ಬೆಡಗು ಬೇರೆಯಾದರೂ ಮದುವೆ ಇಲ್ಲ ಎಂದರೆ ಅಲ್ಲಿ ರಕ್ತದ ಸಂಬಂಧ ಇರಬೇಕು ಅಲ್ವಾ? ನನಗೆ ಊರಿನ ಹೆಸರು ಸಿಕ್ಕಿದ್ದು ಹೀಗೆ. ಊರು ಗೊತ್ತಿಲ್ಲದೆ ಯಾವ ದಾಖಲೆಯನ್ನೂ ಹುಡುಕಲು ಆಗುವುದಿಲ್ಲ.

ಮಾತನ್ನು ಅವರು ಆಡಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಯಾರು ಹೇಳಿದರು, ಯಾವ ದಿನ ಹೇಳಿದರು, ಅವರಿಗೆ ಯಾರು ಹೇಳಿದ್ದರು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಹೆಳವರು ಬಂದಾಗ

ನಮ್ಮ ಸೀಮೆಗೆ ಇರುವ ದೊಡ್ಡ ಭಾಗ್ಯ ಹೆಳವರು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಒಕ್ಕಲುತನದ ಮನೆಗಳಿಗೆ ಸುಗ್ಗಿಯ ನಂತರ ಬಂದು, ಮೂಲಪುರುಷನಿಂದ ಹಿಡಿದು ಇವತ್ತಿನ ಕೂಸಿನವರೆಗೆ ಹೆಸರು ಓದಿ ಹೇಳುವವರು ಇವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಗಾಡಿಯಲ್ಲಿ ಬರುತ್ತಾರೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಎಂದು ಹಿಂದಿನಿಂದ ಹಂಚಿಕೆಯಾಗಿದೆ. ಓದಿದ ಮೇಲೆ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಹಿಂದೆ ಆಕಳು, ಕರು ಕೊಡುವವರೂ ಇದ್ದರು. ಅವರನ್ನು ಅಂಗಳದಲ್ಲೇ ನಿಲ್ಲಿಸಿ ಏನೋ ಕೊಟ್ಟು ಕಳಿಸುವ ಮನೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸರಕಾರದ ಯಾವ ಕಚೇರಿಯಲ್ಲೂ ಇಲ್ಲದ ದಾಖಲೆ ಆ ಚೀಲದಲ್ಲಿದೆ.

ಹೆಳವರ ಮುಂದೆ ಕೂತಾಗ ನಿಮಗೆ ಗೊತ್ತಿರುವುದನ್ನು ಮೊದಲೇ ಹೇಳಬೇಡಿ. "ನಮ್ಮ ಸಂಗಪ್ಪ ದತ್ತಕ ಬಂದಿದ್ದನಂತೆ, ಹೌದಾ?" ಎಂದು ಕೇಳಿದರೆ ದೊಡ್ಡವರ ಮನೆಯ ಮಾತು ಎಂದು ಅವರು ಹೂಂ ಅನ್ನಬಹುದು. ಮೂಲದಿಂದ ಪೂರ್ತಿ ಓದಲು ಬಿಡಿ. ಆಮೇಲೆ ಒಂದೊಂದಾಗಿ ಕೇಳಿ. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಬಂದರು, ಬೆಡಗು ಯಾವುದು, ಮನೆದೇವರು ಯಾರು, ಯಾರ ಸಂತಾನ ನಿಂತುಹೋಯಿತು, ಯಾರನ್ನು ತಂದಿಟ್ಟುಕೊಂಡರು. ಈ ಹಾಳೆ ಯಾರ ಕಾಲದಲ್ಲಿ ಬರೆದದ್ದು ಎಂದು ಕೇಳಲು ಮರೆಯಬೇಡಿ. ಹಳೆ ಪುಸ್ತಕ ಜೀರ್ಣವಾದಾಗ ಹೊಸದಕ್ಕೆ ಇಳಿಸಿರುತ್ತಾರೆ. ಇಳಿಸುವಾಗ ಒಂದು ತಲೆಮಾರು ಬಿಟ್ಟುಹೋಗುವುದುಂಟು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. ಮಲ್ಲಪ್ಪ, ಸಂಗಪ್ಪ, ಮತ್ತೆ ಮಲ್ಲಪ್ಪ, ಮತ್ತೆ ಸಂಗಪ್ಪ ಎಂದು ಬಂದಾಗ ನಡುವಿನ ಒಂದು ಜೋಡಿ ಹಾರಿಹೋದರೂ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಮನೆಯ ಹೆಳವರ ಪುಸ್ತಕದಲ್ಲಿ ಮಲ್ಲಪ್ಪನ ಕೆಳಗೆ ಸಂಗಪ್ಪ ಇದ್ದ. ಆದರೆ ಅವನ ಹುಟ್ಟು ಎಲ್ಲಿಯದು ಎಂಬುದು ಇರಲಿಲ್ಲ. ಹೀಗಾದಾಗ ಮಾಡಬೇಕಾದ ಕೆಲಸ, ಅನುಮಾನ ಇರುವ ಇನ್ನೊಂದು ಮನೆಯ ಹೆಳವರನ್ನು ಹುಡುಕುವುದು. ಬಾದಾಮಿ ಕಡೆಯ ಮನೆತನಕ್ಕೆ ಬರುವ ಹೆಳವರು ಬೇರೆ. ಅವರ ಪುಸ್ತಕದಲ್ಲಿ ನಾಲ್ಕು ಮಂದಿ ಅಣ್ಣತಮ್ಮಂದಿರ ನಡುವೆ ಒಬ್ಬ ಸಂಗಪ್ಪ ಇದ್ದ. ಅವನ ಕೆಳಗೆ ಒಬ್ಬನೇ ಮಗ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಹೆಳವರ ಪುಸ್ತಕ ಒಂದೇ ಕಡೆ ಬೊಟ್ಟು ಮಾಡಿದರೆ ಅದಕ್ಕೆ ತೂಕ ಇದೆ. ಆದರೂ ಸಂಗಪ್ಪ ಎಂಬ ಹೆಸರು ನಮ್ಮಲ್ಲಿ ಊರಿಗೆ ಹತ್ತು. ಇವನೇ ಅವನು ಎಂದು ತೋರಿಸಲು ಕಾಗದ ಬೇಕಾಗಿತ್ತು.

ಉತಾರದಲ್ಲಿ ಹಿಂದಕ್ಕೆ ನಡೆಯುವುದು

ಇವತ್ತಿನ ಉತಾರದ 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ನೇ ಕಾಲಮ್ಮಿನಲ್ಲಿ ಅದು ಹೇಗೆ ಬಂತು ಎಂಬ ಡೈರಿ (ಹಕ್ಕು ಬದಲಾದದ್ದನ್ನು ಬರೆಯುವ ಮ್ಯುಟೇಶನ್ ದಾಖಲೆ) ನಂಬರ್ ಇರುತ್ತದೆ. ಆ ನಂಬರ್ ಹಿಡಿದು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಡಿ. ಡೈರಿಯಲ್ಲಿ ವಾರಸಾ, ವಾಟ್ನಿ (ಪಾಲು ಹಂಚಿಕೆ), ಖರೀದಿ, ದತ್ತಕ ಎಂದು ಕಾರಣ ಬರೆದಿರುತ್ತದೆ, ಹಿಂದಿನ ಮಾಲೀಕನ ಹೆಸರೂ ಇರುತ್ತದೆ. ಅದನ್ನು ಹಿಡಿದು ಅದಕ್ಕೂ ಹಿಂದಿನ ಡೈರಿ ಕೇಳಿ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋಗುವ ಮೊದಲಿನವು ಬೇಕಾದರೆ "ಕೈಬರಹದ ಉತಾರ" ಎಂದೇ ಅರ್ಜಿಯಲ್ಲಿ ಬರೆಯಿರಿ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲೂಕಿನಲ್ಲಿ ಮುಗಿದಿದ್ದರೆ ಕೆಲಸ ಹಗುರ.

ನಮ್ಮದು 1956ರವರೆಗೆ ಮುಂಬೈ ಪ್ರಾಂತ. ಇಲ್ಲಿ ಹಕ್ಕುಪತ್ರಕದ ಕಾಯ್ದೆ ಬಂದದ್ದು 1903ರಲ್ಲಿ. ಆದ್ದರಿಂದ ಡೈರಿಗಳ ಸಾಲು ಹೆಚ್ಚೆಂದರೆ 20ನೇ ಶತಮಾನದ ಆರಂಭದವರೆಗೆ ಹೋಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸರ್ವೇ ಕಾಲದ ಕಾಗದ, ಇನಾಂ ಅಥವಾ ವತನ (ವಂಶಪಾರಂಪರ್ಯವಾಗಿ ಬಂದ ಊರಿನ ಹುದ್ದೆ, ಅದರ ಜಮೀನು) ಇದ್ದ ಮನೆಯಾದರೆ ಅದರ ಕಡತ. ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ, ಸನದಿ ಇಂಥ ಮನೆಯವರು ಅದೃಷ್ಟವಂತರು. 1874ರ ವತನ ಕಾಯ್ದೆಯಿಂದಾಗಿ ವತನದಾರರ ವಾರಸುದಾರಿಕೆಯನ್ನು ಸರಕಾರವೇ ವಿಚಾರಿಸಿ ಬರೆಸಿದೆ. ಇನ್ನೊಂದು ಮುಖ್ಯ ವಿಷಯ. ಮುಧೋಳ, ಜಮಖಂಡಿ, ರಾಮದುರ್ಗ 1948ರವರೆಗೆ ಸಂಸ್ಥಾನಗಳು. ಪಕ್ಕದ ಹಳ್ಳಿ ಬ್ರಿಟಿಷರದು, ನಿಮ್ಮದು ಸಂಸ್ಥಾನದ್ದು ಆಗಿರಬಹುದು. ಮೊದಲು ಅದನ್ನು ತಿಳಿದುಕೊಳ್ಳಿ. ಹಳೆ ಕಾಗದದಲ್ಲಿ "ಕಲಾದಗಿ ಜಿಲ್ಲೆ" ಎಂದು ಕಂಡರೆ ಗಾಬರಿ ಬೇಡ. 1880ರ ದಶಕದಲ್ಲಿ ಮುಖ್ಯ ಠಾಣೆ ವಿಜಯಪುರಕ್ಕೆ ಹೋಗುವವರೆಗೆ ನಮ್ಮ ಜಿಲ್ಲೆಯ ಹೆಸರೇ ಅದು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಜಿಲ್ಲಾ ಮಟ್ಟದ ಕಡತವನ್ನು ಎರಡೂ ಕಡೆ ವಿಚಾರಿಸಿ.

ಈಗ ಡೈರಿ ಓದುವ ಬಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಮ್ಮ ಗಂಟು ಬಿಚ್ಚಿದ್ದೇ ಇಲ್ಲಿ.

1937ಕ್ಕೆ ಮೊದಲು ಹಿಂದೂ ಮನೆತನದಲ್ಲಿ ಗಂಡ ಸತ್ತಾಗ ಮಗನಿದ್ದರೆ ಜಮೀನು ಮಗನಿಗೆ ಹೋಗುತ್ತಿತ್ತು. ಹೆಂಡತಿಗೆ ವಾರಸಾ ಹಕ್ಕು ಇರಲಿಲ್ಲ. ಮಗ ಚಿಕ್ಕವನಾದರೆ ಅವನ ಹೆಸರೇ ದಾಖಲಾಗಿ, ಮುಂದೆ "ಅ.ಪಾ.ಕ. ತಾಯಿ" ಎಂದು ಪಾಲನೆ ಮಾಡುವವಳ ಹೆಸರು ಬರುತ್ತಿತ್ತು. ಹೆಂಡತಿಯ ಸ್ವಂತ ಹೆಸರೇ, ಉದಾಹರಣೆಗೆ "ಗಂಗವ್ವ ಕೋಂ ಮಲ್ಲಪ್ಪ" (ಮಲ್ಲಪ್ಪನ ಹೆಂಡತಿ ಗಂಗವ್ವ) ಎಂದು ಮಾಲೀಕಳಾಗಿ ಕಂಡರೆ, ಆ ಹೊತ್ತಿಗೆ ಮಲ್ಲಪ್ಪನಿಗೆ ಗಂಡುಮಗ ಇರಲಿಲ್ಲ, ಅವನು ಅಣ್ಣತಮ್ಮಂದಿರಿಂದ ಬೇರೆಯಾಗಿದ್ದ ಎಂದೇ ಅರ್ಥ. ಬೇರೆಯಾಗದಿದ್ದರೆ ಜಮೀನು ಅಣ್ಣತಮ್ಮಂದಿರಿಗೆ ಹೋಗುತ್ತಿತ್ತು. ಒಂದೇ ಒಂದು ತುಂಡು ಜಮೀನು ಅವಳ ಹೆಸರಿಗಿದ್ದರೆ ಅದು ಜೀವನಾಂಶಕ್ಕೆ ಬಿಟ್ಟದ್ದಿರಬಹುದು. ಅದಕ್ಕೇ ಆ ಮನೆಯ ಎಲ್ಲ ಸರ್ವೇ ನಂಬರ್ ನೋಡಬೇಕು. 1937ರ ಕಾಯ್ದೆ ವಿಧವೆಗೂ ಪಾಲು ಕೊಟ್ಟಿತು. ಆಮೇಲಿನ ದಾಖಲೆಗಳಿಗೆ ಈ ಲೆಕ್ಕ ಹಿಡಿಯಬೇಡಿ.

ನಮ್ಮ ಮನೆಯ ಎಲ್ಲ ಹೊಲಗಳೂ ಮೊದಲಿಗೆ ಗಂಗವ್ವನ ಹೆಸರಿನಲ್ಲಿದ್ದವು. 1910ರ ಆಸುಪಾಸಿನ ಡೈರಿಯಲ್ಲಿ ಆಕೆ ದತ್ತಕ ತೆಗೆದುಕೊಂಡಳೆಂದು ಸಂಗಪ್ಪನ ಹೆಸರು ಬಂತು. ಯಾರ ಮಗನನ್ನು ತೆಗೆದುಕೊಂಡಳು ಎಂದು ಮಾತ್ರ ಇಲ್ಲ. ಮುಂಬೈ ಪ್ರಾಂತದಲ್ಲಿ ವಿಧವೆಗೆ ಗಂಡನ ಒಪ್ಪಿಗೆ ಇಲ್ಲದೆಯೂ ದತ್ತಕ ತೆಗೆದುಕೊಳ್ಳುವ ಹಕ್ಕಿತ್ತು. ಬೇರೆ ಪ್ರಾಂತಗಳಲ್ಲಿ ಅಷ್ಟು ಸಲೀಸಿರಲಿಲ್ಲ. ಹಾಗಾಗಿ ನಮ್ಮ ಕಡೆ ಹೀಗೆ ಬಂದವರು ಬಹಳ.

ಆದರೆ ಸಂಗಪ್ಪ ಹುಟ್ಟಿದ್ದು ಧಾತು ಬರದಲ್ಲಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಧಾತು ಸಂವತ್ಸರ ಎಂದರೆ 1876-77. ಆ ಬರದಲ್ಲಿ ಕಲಾದಗಿ ಜಿಲ್ಲೆಯ ಎಷ್ಟೋ ಹಳ್ಳಿಗಳು ಬರಿದಾದವು. ಹಾಗಾದರೆ ದತ್ತಕ ಬಂದಾಗ ಅವನಿಗೆ ಮೂವತ್ತು ದಾಟಿತ್ತು. ಬರದಲ್ಲಿ ಹುಟ್ಟಿದ ಕೂಸು, ಹೊರಗಿನಿಂದ ಬಂದ ಗಂಡಸು ಎಂಬ ಎರಡು ನಿಜ ಕಾಲಕ್ರಮದಲ್ಲಿ ಸೇರಿ "ಬರದಾಗ ಬಂದ ಕೂಸು" ಆಗಿದ್ದವು. ಮನೆಯ ಮಾತನ್ನು ಸುಳ್ಳು ಎಂದು ಎಸೆಯಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮೂವತ್ತು ದಾಟಿದವನಿಗೆ ಮದುವೆಯಾಗಿ ಮಕ್ಕಳೂ ಆಗಿರಬೇಕು ಅಲ್ವಾ? ಮುಂಬೈ ಪ್ರಾಂತದಲ್ಲಿ ಮದುವೆಯಾದವನನ್ನೂ ದತ್ತಕ ಕೊಡಬಹುದಿತ್ತು. ದತ್ತಕಕ್ಕೆ ಮೊದಲು ಹುಟ್ಟಿದ ಮಗ ಅಪ್ಪನ ಜೊತೆ ಹೊಸ ಮನೆತನಕ್ಕೆ ಸೇರುವುದಿಲ್ಲ, ಹುಟ್ಟಿದ ಮನೆಯಲ್ಲೇ ಅವನ ಹಕ್ಕು ಉಳಿಯುತ್ತದೆ ಎಂದು ಮುಂಬೈ ಹೈಕೋರ್ಟ್ 1909ರಲ್ಲಿ ತೀರ್ಪು ಕೊಟ್ಟಿತ್ತು. ಒಬ್ಬನೇ ಅಪ್ಪನ ಇಬ್ಬರು ಮಕ್ಕಳು ಎರಡು ಊರಿನಲ್ಲಿ, ಎರಡು ಅಡ್ಡಹೆಸರಿನಲ್ಲಿ ಬೆಳೆಯುವುದು ಹೀಗೆ.

ಇಷ್ಟಾದ ಮೇಲೆ ನಾನು ಬಾದಾಮಿ ಕಡೆಯ ಮನೆತನದ ವಾಟ್ನಿ ಡೈರಿ ತೆಗೆಸಿದೆ. ನಾಲ್ವರು ಅಣ್ಣತಮ್ಮಂದಿರು, ನಾಲ್ಕು ಪಾಲು. ಮೂರು ಪಾಲು ಮೂವರಿಗೆ ಹೋಗಿವೆ. ನಾಲ್ಕನೆಯದು ಸಂಗಪ್ಪನಿಗಲ್ಲ, ಸಂಗಪ್ಪನ ಮಗನಿಗೆ. ಸಂಗಪ್ಪ ಸತ್ತ ಎಂದು ಎಲ್ಲೂ ಬರೆದಿಲ್ಲ. ದತ್ತಕ ಹೋದವನಿಗೆ ಹುಟ್ಟಿದ ಮನೆಯಲ್ಲಿ ಪಾಲಿಲ್ಲ, ಆದರೆ ಅವನು ಬಿಟ್ಟುಹೋದ ಮಗನಿಗೆ ಉಂಟು. ಕಾಯ್ದೆ ಹೇಳಿದಂತೆಯೇ ಕಾಗದ ಇತ್ತು. ಹೆಸರು ಇರಬೇಕಾದ ಕಡೆ ಇಲ್ಲದಿದ್ದರೆ ಅದೂ ಸಾಕ್ಷಿಯೇ. ಅದಕ್ಕೇ ನಿಮ್ಮ ಹಿರಿಯನ ಕಾಗದ ಮಾತ್ರ ನೋಡಬೇಡಿ. ಅವನ ಅಣ್ಣತಮ್ಮಂದಿರಿರಬಹುದು ಎನಿಸಿದವರ ಕಾಗದವನ್ನೂ ಓದಿ.

ಶಾಲೆಯ ರಜಿಸ್ಟರ್

ಶಾಲೆಯ ದಾಖಲಾತಿ ರಜಿಸ್ಟರ್ ನಾನು ವರ್ಷಗಟ್ಟಲೆ ಬರೆದ ಪುಸ್ತಕ. ಅದರಲ್ಲಿ ಏನನ್ನು ನಂಬಬೇಕು ಎಂದು ಹೇಳಬಲ್ಲೆ. ಹುಟ್ಟಿದ ದಿನವನ್ನು ನಂಬಬೇಡಿ. ಜೂನ್ 1 ಎಂದಿದ್ದರೆ ಅದು ಬಹುಮಟ್ಟಿಗೆ ಮಾಸ್ತರು ಅಂದಾಜಿನಲ್ಲಿ ಹಾಕಿದ್ದು. ಅಪ್ಪನ ಹೆಸರು, ಅಡ್ಡಹೆಸರು, ಪಾಲಕರ ಹೆಸರು, ಹಿಂದಿನ ಶಾಲೆ ಯಾವ ಊರಿನದು ಎಂಬುದನ್ನು ನಂಬಬಹುದು. ಕರೆತಂದವರು ಎದುರಿಗೆ ನಿಂತು ಹೇಳಿದ್ದು ಅದು. ಬರೆಸಿದವರಿಗೆ ಆಗ ಯಾವ ಲಾಭವೂ ಇರಲಿಲ್ಲ.

ಹಳೆಯ ಕನ್ನಡ ಶಾಲೆಗಳಲ್ಲಿ ನೂರು ವರ್ಷ ಮೀರಿದ ರಜಿಸ್ಟರ್‌ಗಳಿವೆ. ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ಬಿಡುವಿನ ವೇಳೆಯಲ್ಲಿ ಹೋಗಿ, ಅವರ ಮುಂದೆಯೇ ನೋಡಿ. ಬಾದಾಮಿ ಕಡೆಯ ಶಾಲೆಯಲ್ಲಿ ಸಂಗಪ್ಪ ಬಿಟ್ಟುಹೋದ ದೊಡ್ಡಮಗನ ಹೆಸರು ಆ ಮನೆಯ ಅಡ್ಡಹೆಸರಿನ ಜೊತೆ ಸಿಕ್ಕಿತು. ಪಾಲಕ ಎಂದು ಅವನ ಕಾಕಾನ ಹೆಸರಿತ್ತು. ಷರಾದಲ್ಲಿ, ಅಪ್ಪ ಇರುವ ಊರು ಎಂದು ನಮ್ಮ ಊರಿನ ಹೆಸರು. ಆ ಒಂದು ಸಾಲು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಎರಡು ಊರಿನ ಸಂಗಪ್ಪಂದಿರು ಒಬ್ಬನೇ ಎಂದು ಆ ಮಾಸ್ತರು ಬರೆದಿಟ್ಟಿದ್ದರು.

ಉಳಿದ ಕಡೆಗಳನ್ನು ಬೇಗ ಹೇಳುತ್ತೇನೆ. ಸಬ್ ರಜಿಸ್ಟ್ರಾರ ಕಚೇರಿಯಲ್ಲಿ ಹಳೆ ಪತ್ರಗಳ ಸೂಚಿ ಇರುತ್ತದೆ. ಜಮೀನಿನ ಪತ್ರಗಳು 1ನೇ ಪುಸ್ತಕದಲ್ಲಿ, ಮೃತ್ಯುಪತ್ರ ಮತ್ತು ದತ್ತಕಕ್ಕೆ ಕೊಟ್ಟ ಅಧಿಕಾರಪತ್ರ 3ನೇ ಪುಸ್ತಕದಲ್ಲಿ. ದತ್ತಕಪತ್ರ ಸಿಗದಿದ್ದರೆ ದತ್ತಕ ನಡೆದಿಲ್ಲ ಎಂದಲ್ಲ. ಆಗ ಪಂಚರ ಮುಂದೆ ಮಗನನ್ನು ಕೊಟ್ಟು ತೆಗೆದುಕೊಂಡರೆ ಸಾಕಿತ್ತು. ಕಾಶಿ, ತ್ರ್ಯಂಬಕೇಶ್ವರಕ್ಕೆ ಹೋಗಿ ಕರ್ಮ ಮಾಡಿಸಿದ ಮನೆಯವರು ಅಲ್ಲಿಯ ಪುರೋಹಿತರ ವಹಿಗಳನ್ನು ಕೇಳಬಹುದು. ಡಿಎನ್‌ಎ ಪರೀಕ್ಷೆ ಬಗ್ಗೆ ಮಕ್ಕಳು ಕೇಳುತ್ತಾರೆ. ಅಪ್ಪ ಇರಬಹುದು ಎನಿಸಿದ ಇಬ್ಬರೂ ಅಣ್ಣತಮ್ಮಂದಿರೇ ಆಗಿದ್ದರೆ, ಗಂಡು ಸಂತತಿಯ ಪರೀಕ್ಷೆ ಅವರಲ್ಲಿ ಯಾರು ಎಂದು ಹೇಳಲಾರದು.

ವರ್ಷ ಮತ್ತು ಅಕ್ಷರ

ಹಳೆ ಕಾಗದದಲ್ಲಿ ಇಸವಿಯ ಬದಲು ಫಸಲಿ (ಕಂದಾಯದ ವರ್ಷ) ಇದ್ದರೆ 590 ಕೂಡಿಸಿ. ಫಸಲಿ 1310 ಎಂದರೆ 1900-01. ಶಕ ವರ್ಷಕ್ಕೆ 78 ಕೂಡಿಸಿ. ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದು ನೆನಪಿರಲಿ. ಧಾತು 1876ರಲ್ಲೂ ಬಂತು, 1936ರಲ್ಲೂ ಬಂತು. ಮೋಡಿ ಅಕ್ಷರ (ಮರಾಠಿಯ ಹಳೆ ಕೂಡುಬರಹ) ಬಂದರೆ ಊಹೆ ಮಾಡಿ ಓದಬೇಡಿ, ಬಲ್ಲವರಿಂದ ಓದಿಸಿ. ಬೆಳಗಾವಿ, ಕೊಲ್ಹಾಪುರ, ಪುಣೆಯಲ್ಲಿ ಓದುವವರು ಇದ್ದಾರೆ.

ಯಾವುದನ್ನು ಎಷ್ಟು ನಂಬಬೇಕು

ಎರಡು ಕಾಗದ ಒಂದಕ್ಕೊಂದು ತಾಳೆಯಾಗದಿದ್ದರೆ, ಜಗಳ ಹುಟ್ಟುವ ಮೊದಲು ಬರೆದದ್ದಕ್ಕೆ ಹೆಚ್ಚು ತೂಕ ಕೊಡಿ. ಕೋರ್ಟುಗಳೂ ಹೀಗೇ ನೋಡುತ್ತವೆ. ನಮ್ಮ ಕಡೆ ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರಕ್ಕೆ ಎಷ್ಟೋ ಮನೆಯವರು ವಂಶಾವಳಿ ಕೊಟ್ಟಿದ್ದಾರೆ. ಅವು ಸುಲಭವಾಗಿ ಸಿಗುತ್ತವೆ, ಹತ್ತಿರದ ಎರಡು ಮೂರು ತಲೆಮಾರಿಗೆ ಚೆನ್ನಾಗಿವೆ. ಅದಕ್ಕಿಂತ ಹಿಂದಿನದನ್ನು ಅವುಗಳಿಂದ ಸಾಧಿಸಲು ಹೋಗಬೇಡಿ. ಹಣ ಯಾರಿಗೆ ಬರಬೇಕು ಎಂಬುದಕ್ಕಾಗಿ ಬರೆದವು ಅವು. ಈಗ ನಾಡ ಕಚೇರಿಯಲ್ಲಿ ಸಿಗುವ ವಂಶವೃಕ್ಷವೂ ನಾವೇ ಬರೆದುಕೊಟ್ಟ ಪ್ರಮಾಣಪತ್ರದ ಮೇಲೆ ಆದದ್ದು. ಅದನ್ನು ಹಳೆ ಸಾಕ್ಷಿ ಎಂದು ತಿಳಿಯಬೇಡಿ.

ಇನ್ನೊಂದು ಮನೆಯವರ ಬಾಗಿಲಿಗೆ ಹೋಗುವಾಗ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಪಾಲು ಕೇಳಲು ಬಂದಿದ್ದಾರೆ ಎಂಬ ಹೆದರಿಕೆ ಸಹಜ. "ನಮಗೆ ಗೇಣು ಭೂಮಿಯೂ ಬೇಡ, ಹೆಸರು ಸಾಕು" ಎಂದು ಮೊದಲೇ ಹೇಳಿ, ಬೇಕಾದರೆ ಬರೆದೇ ಕೊಡಿ. ಹುಡುಕುವಾಗ ಉಡಕಿ ಮದುವೆ (ಹೆಣ್ಣಿನ ಮರುಮದುವೆ), ದೇವರಿಗೆ ಬಿಟ್ಟ ತಾಯಿ, ಅಪ್ಪನ ಹೆಸರೇ ಇಲ್ಲದ ಕೂಸು, ಇಂಥವೂ ಸಿಗುತ್ತವೆ. ತಾಯಿಯ ಹೆಸರಿನಲ್ಲೇ ಮಗ ದಾಖಲಾಗಿದ್ದರೆ ಹಾಗೇ ಬರೆಯಿರಿ. ಅಲ್ಲಿ ಒಬ್ಬ ಗಂಡಸಿನ ಹೆಸರು ತಂದು ತುಂಬಿಸುವುದು ಆ ತಾಯಿಗೆ ಮಾಡುವ ಅನ್ಯಾಯ. ಬದುಕಿರುವವರಿಗೆ ನೋವಾಗುವಂಥದ್ದನ್ನು ಅವರನ್ನು ಕೇಳದೆ ಹೊರಗೆ ಹಾಕಬೇಡಿ.

ಬರೆದಿಡುವಾಗ ಒಬ್ಬನೇ ಅಪ್ಪನನ್ನು ಆರಿಸಬೇಕಿಲ್ಲ. ನಮ್ಮ ವಂಶಾವಳಿಯಲ್ಲಿ ಸಂಗಪ್ಪನಿಂದ ಮೇಲಕ್ಕೆ ಎರಡು ಗೆರೆ ಹೋಗುತ್ತವೆ. ಮಲ್ಲಪ್ಪ ಮತ್ತು ಗಂಗವ್ವನ ಕಡೆಗೆ ಒಂದು, ಅದರ ಮೇಲೆ "ದತ್ತಕ". ಬಾದಾಮಿ ಕಡೆಯ ಮನೆಗೆ ಇನ್ನೊಂದು, ಅದರ ಮೇಲೆ "ಹುಟ್ಟು". ಪ್ರತಿ ಗೆರೆಯ ಪಕ್ಕದಲ್ಲಿ ಯಾವ ಡೈರಿ, ಯಾವ ಶಾಲೆಯ ರಜಿಸ್ಟರ್, ಯಾರ ಬಾಯಿಮಾತು ಎಂದು ಬರೆದಿದ್ದೇನೆ. ಪುರಾವೆ ಸಾಲದ್ದನ್ನು ಪೆನ್ಸಿಲ್ಲಿನಲ್ಲಿ ಇಟ್ಟಿದ್ದೇನೆ. ಹೆತ್ತ ತಾಯಿಯ ಹೆಸರು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ. ಒಬ್ಬರ ಬಾಯಿಮಾತು ಬಿಟ್ಟರೆ ಅದಕ್ಕೆ ಬೇರೆ ಆಧಾರ ಸಿಕ್ಕಿಲ್ಲ. ಒಂದು ಝೆರಾಕ್ಸ್ ಪ್ರತಿ ಎರಡೂ ಮನೆಯಲ್ಲಿದೆ. ಎರಡೂ ಕಡೆಯ ಹೆಳವರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.